ಮುಚ್ಚಿದ ಎಲೆ, ತೆರೆದ ಎಲೆ

ಕಳೆದ ಬೇಸಗೆಯ ರಜೆಯಲ್ಲಿ ಬೆಂಗಳೂರಿನ ನನ್ನ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಒಂದು ರಾತ್ರಿ ಊಟವಾದ ಮೇಲೆ ಅಕ್ಕನ ಮಗ ಇಸ್ಪೀಟಿನ ಕಟ್ಟೊಂದನ್ನು ತಂದು ಜಮಖಾನದ ಮೇಲಿಟ್ಟು, “ಮಾವ, ಇವತ್ತು ನಿಮಗೆ ಪೋಕರ್ ಕಲಿಸುತ್ತೇನೆ” ಎಂದ. ಇಪ್ಪತ್ತೆಂಟನ್ನೂ ರಮ್ಮಿಯನ್ನೂ ಊರ ಜಗುಲಿಯ ಮೇಲೆ ಕಲಿತವನು ನಾನು. ಪೋಕರಿನ ಹೆಸರು ಕೇಳಿದ್ದೆನೇ ಹೊರತು ಆಡಿದವನಲ್ಲ. ಹಣವೊಡ್ಡಿ ಆಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅಕ್ಕ ಅಡಿಗೆಮನೆಯಿಂದ ಒಂದು ಬಟ್ಟಲು ಹುಣಿಸೆಬೀಜ ತಂದು ತಲೆಗೆ ಐವತ್ತರಂತೆ ಎಣಿಸಿ ಹಂಚಿದಳು. ಆಟ ಪ್ರಾರಂಭವಾಯಿತು.

ಒಂದು ಗಂಟೆ ಕಳೆದಿರಬಹುದು. ನನ್ನ ಕೈಗೆ ಒಂದು ರಾಜ ಬಂದಿತ್ತು. ನೆಲದ ಮೇಲೆ ಇನ್ನೊಂದು ರಾಜ ಬಿದ್ದಿತ್ತು. ಹೊಸಬನಿಗೆ ಇದು ಸಾಲದೆ? ಉತ್ಸಾಹದಿಂದ ಬೀಜಗಳನ್ನು ಮುಂದಕ್ಕೆ ಸರಿಸುತ್ತಿದ್ದೆ. ಕೊನೆಯ ಸುತ್ತಿನಲ್ಲಿ ಹುಡುಗ ಒಂದು ಕ್ಷಣ ಸುಮ್ಮನಿದ್ದು, ತನ್ನಲ್ಲಿದ್ದ ಬೀಜಗಳನ್ನೆಲ್ಲ ಎರಡು ಕೈಗಳಿಂದಲೂ ಬಾಚಿ ನಡುವಿನ ರಾಶಿಗೆ ತಳ್ಳಿಬಿಟ್ಟ. ನಾನು ಅವನ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಹೆದರಿದೆ. ನನ್ನ ಎಲೆಗಳನ್ನು ಕೆಳಗಿಟ್ಟೆ. ರಾಶಿಯನ್ನು ಅವನು ತನ್ನ ಕಡೆಗೆ ಎಳೆದುಕೊಂಡ.

“ಇನ್ನು ತೋರಿಸು, ನಿನ್ನ ಹತ್ತಿರ ಏನಿತ್ತು?” ಎಂದೆ.

“ನೋಡಬೇಕಾಗಿದ್ದರೆ ಬೀಜ ಕೊಡಬೇಕಿತ್ತು, ಮಾವ” ಎಂದು ನಕ್ಕು, ಎಲೆಗಳನ್ನು ಬೋರಲಾಗಿಯೇ ಕಟ್ಟಿನೊಳಕ್ಕೆ ಸೇರಿಸಿ ಕಲಸಿಬಿಟ್ಟ.

ಕಳೆದುಕೊಂಡದ್ದು ಮೂವತ್ತು ಹುಣಿಸೆಬೀಜ. ಅದಕ್ಕಾಗಿ ದುಃಖಿಸುವಷ್ಟು ಬಡವನಲ್ಲ ನಾನು. ಆದರೂ ಆ ರಾತ್ರಿ ಬಹಳ ಹೊತ್ತು ನಿದ್ರೆ ಹತ್ತಲಿಲ್ಲ. ಸೋತದ್ದಕ್ಕಲ್ಲ, ತಿಳಿಯದೆ ಹೋದದ್ದಕ್ಕೆ. ಆ ಎರಡು ಎಲೆಗಳು ಏನಾಗಿದ್ದುವು? ಹುಡುಗ ನನ್ನನ್ನು ನಿಜದಿಂದ ಗೆದ್ದನೆ, ಹುಸಿಯಿಂದ ಗೆದ್ದನೆ? ಈ ಪ್ರಶ್ನೆಗೆ ಉತ್ತರ ಇನ್ನು ಜಗತ್ತಿನಲ್ಲಿ ಅವನೊಬ್ಬನ ಮನಸ್ಸಿನಲ್ಲಲ್ಲದೆ ಬೇರೆಲ್ಲಿಯೂ ಇಲ್ಲ ಎಂಬ ಯೋಚನೆ ನನ್ನನ್ನು ವಿಚಿತ್ರವಾಗಿ ಕಾಡಿತು. ರಜೆ ಮುಗಿಸಿ ಊರಿಗೆ ಮರಳಿದ ಮೇಲೂ ಅದು ಬಿಡಲಿಲ್ಲ. ಕಾವ್ಯಮೀಮಾಂಸೆಯ ಪುಸ್ತಕಗಳನ್ನು ಬದಿಗಿಟ್ಟು ಪೋಕರಿನ ಪುಸ್ತಕಗಳನ್ನು ಓದತೊಡಗಿದೆ. ಈ ಲೇಖನ ಆ ಅಪರಾಧದ ಫಲ.

ಜೂಜನ್ನು ಹೊಗಳುವುದು ನನ್ನ ಉದ್ದೇಶವಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಹಣವೊಡ್ಡಿ ಆಡಿ ಮನೆಮಠ ಕಳೆದುಕೊಂಡವರ ಕಥೆ ಯಾರಿಗೆ ತಿಳಿಯದು? ಹಣದ ಪಣವಿರುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅದರ ಹಿಂದೆ ಎಷ್ಟೋ ಮನೆಗಳ ಕಣ್ಣೀರಿದೆ. ನನಗೆ ಬೇಕಾದದ್ದು ಹಣವಲ್ಲ, ಮನಸ್ಸು. ಇರುವುದನ್ನು ಮುಚ್ಚಿಡುವ ಮನಸ್ಸು, ಇಲ್ಲದ್ದನ್ನು ಇದೆಯೆಂದು ತೋರುವ ಮನಸ್ಸು, ಯಾರೂ ಕೇಳದಿದ್ದರೂ ತೆರೆದು ತೋರಿಸಬೇಕೆಂದು ಹಂಬಲಿಸುವ ಮನಸ್ಸು.

ಜೂಜೆಂದೊಡನೆ ಕನ್ನಡದ ಓದುಗನಿಗೆ ನೆನಪಾಗುವುದು ಕೌರವರ ಸಭೆಯ ದ್ಯೂತ. ಆದರೆ ಅಲ್ಲಿಗೂ ಇಲ್ಲಿಗೂ ಒಂದು ಮೂಲಭೂತ ಭೇದವಿದೆ. ಪಗಡೆಯ ದಾಳ ಬೀಳುವುದು ಎಲ್ಲರ ಕಣ್ಣೆದುರಿಗೆ. ಬಿದ್ದ ಗರವನ್ನು ಧರ್ಮರಾಯನೂ ನೋಡುತ್ತಾನೆ, ಶಕುನಿಯೂ ನೋಡುತ್ತಾನೆ, ಸಭೆಯೂ ನೋಡುತ್ತದೆ. ಕಪಟವೇನಿದ್ದರೂ ಅದು ದಾಳದಲ್ಲಿ, ಕೈಚಳಕದಲ್ಲಿ. ಆಟಗಾರನ ಬಳಿ ಇನ್ನೊಬ್ಬರಿಗೆ ಕಾಣದ ಸಂಪತ್ತು ಎಂಬುದೇ ಅಲ್ಲಿಲ್ಲ. ಎಲೆಯಾಟದಲ್ಲಿ ಹಾಗಲ್ಲ, ಪ್ರತಿಯೊಬ್ಬನ ಕೈಯಲ್ಲಿಯೂ ಒಂದೊಂದು ರಹಸ್ಯ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫಾ ಎಲೆಗಳ ಆಟಗಳ ವಿವರವಿದೆ. ಅವುಗಳಿಗೆ ಅಲ್ಲಿ ‘ಛದ’ ಎಂಬ ಹೆಸರು. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಛದವೆಂದರೆ ಹೊದಿಕೆ ಎಂದೂ ಅರ್ಥ. ಎಲೆಯಾಟದ ಸ್ವಭಾವವೆಲ್ಲ ಆ ಒಂದು ಪದದಲ್ಲಿದೆ ಎಂದರೆ ತಪ್ಪಾಗಲಾರದು.

ಪೋಕರ್ ಹುಟ್ಟಿದ್ದು ಅಮೆರಿಕೆಯಲ್ಲಿ, 19ನೆಯ ಶತಮಾನದ ಮೊದಲ ಭಾಗದಲ್ಲಿ. ನ್ಯೂ ಆರ್ಲಿಯನ್ಸಿನ ಸುತ್ತಮುತ್ತ ಬೆಳೆದು, ಮಿಸಿಸಿಪ್ಪಿ ನದಿಯ ಉಗಿಹಡಗುಗಳನ್ನೇರಿ ದೇಶವನ್ನೆಲ್ಲ ಸುತ್ತಿತು. ಮೊದಮೊದಲು 20 ಎಲೆಗಳಿಂದಲೂ ಆಡುತ್ತಿದ್ದರು. ಅನಂತರ 52 ಎಲೆಗಳ ಪೂರ್ಣ ಕಟ್ಟು ಬಳಕೆಗೆ ಬಂತು. 52ರಲ್ಲಿ ಐದು ಎಲೆಗಳನ್ನು ಆರಿಸುವ ಬಗೆಗಳು 25,98,960. ಇಷ್ಟೊಂದು ಸಾಧ್ಯತೆಗಳಲ್ಲಿ ಸರ್ವಶ್ರೇಷ್ಠವಾದ ಕೈ, ಎಂದರೆ ಒಂದೇ ಬಣ್ಣದ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ, ಬರುವುದು ನಾಲ್ಕೇ ನಾಲ್ಕು ಬಗೆಯಲ್ಲಿ. ಅದನ್ನು ನೆಚ್ಚಿಕೊಂಡು ಕುಳಿತವನು ಜನ್ಮವಿಡೀ ಕುಳಿತಿರಬೇಕಾದೀತು. ಆದ್ದರಿಂದ ಪೋಕರ್ ಆಡುವವರೆಲ್ಲರೂ ಬಹುಪಾಲು ಬಡವರೇ. ಬಡವರಲ್ಲಿ ಯಾರು ಕಡಮೆ ಬಡವ ಎಂಬುದೇ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳುವುದು ಪಣದ ಮೂಲಕ.

ಈಗ ಹೆಚ್ಚು ಪ್ರಚಾರದಲ್ಲಿರುವ ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಮುಚ್ಚಿದ ಎಲೆಗಳು. ನೆಲದ ಮೇಲೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆಗಳು. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು ತೆರೆಯುತ್ತವೆ. ನಾಲ್ಕು ಸುತ್ತು ಪಣವೊಡ್ಡುವಿಕೆ. ಪ್ರತಿ ಸುತ್ತಿನಲ್ಲಿಯೂ ಒಡ್ಡಬಹುದು, ಸರಿದೂಗಿಸಬಹುದು, ಏರಿಸಬಹುದು, ಇಲ್ಲವೆ ಎಲೆ ಇಳಿಸಿ ಹಿಂದೆ ಸರಿಯಬಹುದು. ಕೊನೆಯವರೆಗೆ ಇಬ್ಬರು ಉಳಿದರೆ ಎಲೆ ತೆರೆದು ಹೋಲಿಸಬೇಕು. ಆದರೆ ಒಬ್ಬನನ್ನುಳಿದು ಮಿಕ್ಕವರೆಲ್ಲ ಹಿಂದೆ ಸರಿದರೆ, ಉಳಿದವನು ಗೆದ್ದ. ಅವನು ಏನನ್ನೂ ತೋರಿಸಬೇಕಾದುದಿಲ್ಲ. ಇಡೀ ಆಟದ ಜೀವ ಈ ಒಂದು ನಿಯಮದಲ್ಲಿದೆ. ಇದಿಲ್ಲದಿದ್ದರೆ ಪೋಕರ್ ಬರಿಯ ಚೀಟಿ ಎತ್ತುವ ಆಟ. ಇದು ಇರುವುದರಿಂದಲೇ, ಇಲ್ಲದ್ದನ್ನು ಇದೆಯೆಂದು ತೋರಿಸುವ ‘ಬ್ಲಫ್’ ಸಾಧ್ಯವಾಯಿತು.

ಈ ಹುಸಿಯನ್ನು ಗಣಿತದ ಕಟಕಟೆಗೆ ತಂದು ನಿಲ್ಲಿಸಿದವರಲ್ಲಿ ಜಾನ್ ಫಾನ್ ನಾಯ್ಮನ್ ಪ್ರಮುಖ. ಹಂಗೆರಿಯಲ್ಲಿ ಹುಟ್ಟಿದ ಈ ಮಹಾಗಣಿತಜ್ಞ 1928ರಲ್ಲಿ ಆಟಗಳ ಸಿದ್ಧಾಂತವನ್ನು ಕುರಿತ ಪ್ರಬಂಧವೊಂದನ್ನು ಪ್ರಕಟಿಸಿದ. 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನ್ ಎಂಬ ಅರ್ಥಶಾಸ್ತ್ರಜ್ಞನೊಡನೆ ಸೇರಿ ಬರೆದ ಬೃಹದ್‌ಗ್ರಂಥದಲ್ಲಿ ಪೋಕರಿಗೆಂದೇ ಒಂದು ಭಾಗವನ್ನು ಮೀಸಲಿಟ್ಟ. ಹುಸಿ ಒಡ್ಡುವುದಕ್ಕೆ ಅವನು ಎರಡು ಕಾರಣಗಳನ್ನು ಗುರುತಿಸಿದ. ಮೊದಲನೆಯದು ನಮಗೆಲ್ಲ ತಿಳಿದದ್ದೇ: ಬಲವಿಲ್ಲದಾಗ ಬಲವಿದೆಯೆಂಬ ಭಾವನೆ ಹುಟ್ಟಿಸುವುದು. ಎರಡನೆಯದು ಹೆಚ್ಚು ಸೂಕ್ಷ್ಮ: ನಿಜವಾಗಿ ಬಲವಿರುವಾಗಲೂ ಎದುರಾಳಿ ಸಂಶಯಪಟ್ಟು ಪಣ ಕೊಡುವಂತೆ ಮಾಡುವುದು. ಎಂದೂ ಸುಳ್ಳಾಡದವನು ಪಣ ಏರಿಸಿದೊಡನೆ ಎಲ್ಲರೂ ಎದ್ದು ಹೋಗುತ್ತಾರೆ. ಅವನ ಒಳ್ಳೆಯ ಎಲೆಗೆ ಬೆಲೆಯೇ ಸಿಕ್ಕುವುದಿಲ್ಲ. ಆಗಾಗ ಸುಳ್ಳು ಸಿಕ್ಕಿಬಿದ್ದವನ ನಿಜಕ್ಕೆ ಇಲ್ಲಿ ಬೆಲೆ ಹೆಚ್ಚು. ನೀತಿಪಾಠ ಹೇಳುವ ನನ್ನಂಥ ಅಧ್ಯಾಪಕರಿಗೆ ಇದು ನುಂಗಲಾರದ ತುತ್ತು.

ಎಷ್ಟು ಸುಳ್ಳು ಸರಿಯಾದ ಸುಳ್ಳು? ಅದಕ್ಕೂ ಲೆಕ್ಕವಿದೆ. ರಾಶಿಯಲ್ಲಿ 100 ಬೀಜಗಳಿವೆಯೆನ್ನಿ. ಕೊನೆಯ ಸುತ್ತಿನಲ್ಲಿ ನಾನು ಇನ್ನೂ 100 ಒಡ್ಡುತ್ತೇನೆ. ನನ್ನನ್ನು ಪರೀಕ್ಷಿಸಬೇಕಾದರೆ ನೀವು 100 ಕೊಡಬೇಕು. ಗೆದ್ದರೆ ನಿಮಗೆ 200 ಲಾಭ. ಎಂದರೆ ಮೂರು ಸಲದಲ್ಲಿ ಒಂದು ಸಲ ನಾನು ಸುಳ್ಳಾಡುತ್ತಿದ್ದರೆ, ನೀವು ಪರೀಕ್ಷಿಸಿದರೂ ಒಂದೇ, ಬಿಟ್ಟರೂ ಒಂದೇ. ಎರಡು ನಿಜಕ್ಕೆ ಒಂದು ಹುಸಿ. ಇದು ಆ ಸಂದರ್ಭದ ಸಮತೂಕ. ಅದಕ್ಕಿಂತ ಹೆಚ್ಚು ಸುಳ್ಳಾಡಿದರೆ ಸಿಕ್ಕಿಬೀಳುತ್ತೇನೆ. ಕಡಮೆ ಆಡಿದರೆ ನನ್ನ ನಿಜವನ್ನು ಯಾರೂ ಕೊಳ್ಳುವುದಿಲ್ಲ. ಇನ್ನೊಂದು ಸ್ವಾರಸ್ಯವೂ ಇದೆ. ಸುಳ್ಳಾಡಲು ತಕ್ಕ ಎಲೆ ಮಧ್ಯಮ ದರ್ಜೆಯದಲ್ಲ, ಅತ್ಯಂತ ಕೀಳಾದದ್ದು. ಮಧ್ಯಮದ ಎಲೆ ಸುಮ್ಮನಿದ್ದರೂ ಒಮ್ಮೊಮ್ಮೆ ಗೆಲ್ಲುತ್ತದೆ. ಕೀಳೆಲೆಗೆ ಧೈರ್ಯವನ್ನುಳಿದು ಬೇರೆ ಗತಿಯಿಲ್ಲ.

ಹಾಗಾದರೆ ಮುಖಭಾವದ ಮಾತೇನು? ಪೋಕರಿನ ಮುಖವೆಂಬುದು ಗಾದೆಯಷ್ಟು ಪ್ರಸಿದ್ಧವಾಗಿದೆ. ಮೈಕ್ ಕ್ಯಾರೊ ಎಂಬಾತ 1984ರಲ್ಲಿ ಆಟಗಾರರ ಅಂಗಭಂಗಿಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದ. ಅದರ ಸಾರ ಸರಳ: ದುರ್ಬಲರು ಶೂರರಂತೆ ನಟಿಸುತ್ತಾರೆ, ಬಲವುಳ್ಳವರು ಸೋತವರಂತೆ ನಿಟ್ಟುಸಿರಿಡುತ್ತಾರೆ. ಆದರೆ ಮುಖವನ್ನು ಓದಬಲ್ಲೆವೆಂಬ ನಮ್ಮ ಆತ್ಮವಿಶ್ವಾಸಕ್ಕೆ ಮನಶ್ಶಾಸ್ತ್ರ ಅಷ್ಟಾಗಿ ಬೆಂಬಲ ಕೊಡುವುದಿಲ್ಲ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೋ ಎಂಬ ವಿದ್ವಾಂಸರು 2006ರಲ್ಲಿ ಅಂದಿನವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. 24,000ಕ್ಕೂ ಹೆಚ್ಚು ಜನರ ತೀರ್ಮಾನಗಳಲ್ಲಿ, ಸುಳ್ಳನ್ನೂ ನಿಜವನ್ನೂ ಸರಿಯಾಗಿ ಬೇರ್ಪಡಿಸಿದ ಪ್ರಮಾಣ ನೂರಕ್ಕೆ 54. ನಾಣ್ಯ ಚಿಮ್ಮಿ ಹೇಳಿದ್ದರೂ 50 ಬರುತ್ತಿತ್ತು!

2013ರಲ್ಲಿ ಮೈಕೆಲ್ ಸ್ಲೆಪಿಯನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇನ್ನೂ ಸೊಗಸಾದದ್ದು. ವೃತ್ತಿನಿರತ ಆಟಗಾರರು ಪಣವೊಡ್ಡುವ ದೃಶ್ಯದ ತುಣುಕುಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಯಾರ ಎಲೆ ಒಳ್ಳೆಯದೆಂದು ಊಹಿಸಲು ಹೇಳಿದರು. ಮುಖವನ್ನು ಮಾತ್ರ ನೋಡಿದವರ ಊಹೆ ಕುರುಡು ಊಹೆಗಿಂತಲೂ ಕೆಳಗಿಳಿಯಿತು. ತೋಳುಗಳನ್ನು ಮಾತ್ರ ನೋಡಿದವರ ಊಹೆ ಅದಕ್ಕಿಂತ ಮೇಲಾಯಿತು. ಒಳ್ಳೆಯ ಎಲೆಯಿದ್ದವನ ಕೈ ಬಿಲ್ಲೆಗಳನ್ನು ಹೆಚ್ಚು ಸರಾಗವಾಗಿ ಮುಂದಕ್ಕೆ ತಳ್ಳುತ್ತಿತ್ತಂತೆ. ಮುಖಕ್ಕೆ ಕಾವಲು ಹಾಕಿದವನು ಕೈಯನ್ನು ಮರೆಯುತ್ತಾನೆ. ಇದನ್ನು ಓದಿದಾಗ ನಾನು ಹಣೆ ಚಚ್ಚಿಕೊಂಡೆ. ಹುಡುಗ ಬೀಜಗಳನ್ನು ಬಾಚಿದಾಗ ನಾನು ನೋಡಿದ್ದು ಅವನ ಮುಖವನ್ನು!

ಇದರ ಇನ್ನೊಂದು ಮಗ್ಗುಲೂ ಇದೆ. ಮುಚ್ಚಿಡುವವನು ತಾನು ಗಾಜಿನಂತೆ ಪಾರದರ್ಶಕವಾಗಿದ್ದೇನೆಂದು ಭಾವಿಸುತ್ತಾನೆ. ಥಾಮಸ್ ಗಿಲೊವಿಚ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ಇದಕ್ಕೆ ‘ಪಾರದರ್ಶಕತೆಯ ಭ್ರಮೆ’ ಎಂದು ಹೆಸರಿಟ್ಟರು. ಕೆಟ್ಟ ರುಚಿಯ ಪಾನೀಯ ಕುಡಿದು ಮುಖ ಹುಳ್ಳಗೆ ಮಾಡದಿರಲು ಹೆಣಗಿದವರು, ನೋಡುವವರಿಗೆ ಎಲ್ಲ ಗೊತ್ತಾಗಿಬಿಟ್ಟಿತೆಂದುಕೊಂಡರು. ವಾಸ್ತವವಾಗಿ ಗೊತ್ತಾದದ್ದು ಅವರು ಎಣಿಸಿದ್ದಕ್ಕಿಂತ ಕಡಮೆ ಜನಕ್ಕೆ. ಅಧ್ಯಾಪಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾಠ ಸಿದ್ಧಮಾಡಿಕೊಳ್ಳದೆ ತರಗತಿಗೆ ಹೋದ ದಿನ, ಮೊದಲ ಬೆಂಚಿನ ಪ್ರತಿಯೊಂದು ಕಣ್ಣೂ ನಮ್ಮನ್ನು ಕಂಡುಹಿಡಿದಿದೆಯೆಂದು ಬೆವರುತ್ತೇವೆ. ಆ ಕಣ್ಣುಗಳೋ, ಗೋಡೆಯ ಗಡಿಯಾರವನ್ನು ನೋಡುತ್ತಿರುತ್ತವೆ.

ಮುಖವೇ ಇಲ್ಲದಿದ್ದರೂ ಬಚ್ಚಿಡುವುದು ಸಾಧ್ಯವೆ? 2017ರಲ್ಲಿ ಪಿಟ್ಸ್‌ಬರ್ಗಿನಲ್ಲಿ ‘ಲಿಬ್ರೇಟಸ್’ ಎಂಬ ಕಂಪ್ಯೂಟರ್ ಕಾರ್ಯಕ್ರಮ ನಾಲ್ವರು ನುರಿತ ಆಟಗಾರರೊಡನೆ 20 ದಿನ, 1,20,000 ಕೈ ಆಡಿ ಅವರನ್ನು ಸೋಲಿಸಿತು. ಅದನ್ನು ರಚಿಸಿದವರು ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ನೋಅಮ್ ಬ್ರೌನ್ ಮತ್ತು ಟೂಮಸ್ ಸಾಂಡ್‌ಹೋಲ್ಮ್. ಆ ಯಂತ್ರವೂ ಹುಸಿ ಒಡ್ಡುತ್ತಿತ್ತು. ಅದಕ್ಕೆ ಭಯವಿಲ್ಲ, ಲಜ್ಜೆಯಿಲ್ಲ. ಪ್ರಮಾಣಜ್ಞಾನ ಮಾತ್ರ ಇದೆ. ಗೆದ್ದ ಮೇಲೆ ಎಲೆ ತೋರಿಸಬೇಕೆಂಬ ಆಸೆಯೂ ಅದಕ್ಕಿಲ್ಲ. ಆ ಆಸೆಯಿರುವುದು ಮನುಷ್ಯನಿಗೆ ಮಾತ್ರ. ನನಗೆ ಎಲ್ಲಕ್ಕಿಂತ ಕುತೂಹಲಕರವಾಗಿ ಕಂಡದ್ದು ಅದೇ.

ಯಾರೂ ಕೇಳದಿದ್ದಾಗಲೂ ಆಟಗಾರ ಎಲೆ ತೋರಿಸುವುದೇಕೆ? ಲೆಕ್ಕಾಚಾರದಿಂದ ತೋರಿಸುವವರಿದ್ದಾರೆ. ಹುಸಿಯನ್ನು ತೋರಿಸಿ, ಮುಂದೆ ತನ್ನ ನಿಜವನ್ನು ಇತರರು ಸಂಶಯಿಸುವಂತೆ ಮಾಡುತ್ತಾರೆ. ಇಲ್ಲವೆ ನಿಜವನ್ನು ತೋರಿಸಿ, ಮುಂದೆ ತನ್ನ ಹುಸಿಯನ್ನು ನಂಬುವಂತೆ ಮಾಡುತ್ತಾರೆ. ಇದು ವ್ಯಾಪಾರದ ಜಾಹೀರಾತಿನಂತೆ. ಆದರೆ ಬಹುಮಟ್ಟಿಗೆ ತೋರಿಸುವುದು ಲೆಕ್ಕದಿಂದಲ್ಲ. ಹುಸಿಯಿಂದ ಗೆದ್ದವನು ತೋರಿಸುವುದು ಜಂಬಕ್ಕೆ. ಸಾಕ್ಷಿಯಿಲ್ಲದ ಜಾಣತನ ಜಾಣತನವೆ ಎಂಬ ಕಳವಳ ಅವನಿಗೆ. ಒಳ್ಳೆಯ ಎಲೆಯನ್ನು ಇಳಿಸಿ ಹಿಂದೆ ಸರಿದವನು ಅದನ್ನು ತಿರುಗಿಸಿ ತೋರಿಸುವುದು, ನಾನು ಹೇಡಿಯಲ್ಲ, ವಿವೇಕಿ ಎಂದು ಹೇಳುವುದಕ್ಕೆ. ಎರಡು ಎಕ್ಕಗಳಿದ್ದೂ ಸೋತವನು ಅವುಗಳನ್ನು ಮೇಜಿನ ಮೇಲೆ ಕುಕ್ಕುವುದು, ವಿಧಿ ತನಗೆ ಮಾಡಿದ ಅನ್ಯಾಯಕ್ಕೆ ನಾಲ್ವರ ಸಂತಾಪ ಬೇಡುವುದಕ್ಕೆ. ಕಾವ್ಯ ಬರೆಯುವವರೂ, ಆತ್ಮಕಥೆ ಬರೆಯುವವರೂ, ನನ್ನಂತೆ ಲೇಖನ ಬರೆಯುವವರೂ ಈ ಮೂರರಲ್ಲಿ ಒಂದು ಗುಂಪಿಗೆ ಸೇರಿದವರಲ್ಲವೆ ಎಂದು ನನಗೆ ಅನುಮಾನ.

ತೋರಿಸದೆ ಗೆದ್ದ ಕೈಗಳಲ್ಲಿ ಒಂದು ಜಗತ್ಪ್ರಸಿದ್ಧ. 2003ರಲ್ಲಿ ಲಾಸ್ ವೇಗಸಿನಲ್ಲಿ ನಡೆದ ವಿಶ್ವ ಪೋಕರ್ ಸರಣಿಯ ಅಂತಿಮ ಸ್ಪರ್ಧೆಯಲ್ಲಿ ಇಬ್ಬರು ಉಳಿದಿದ್ದರು: ನುರಿತ ಆಟಗಾರ ಸ್ಯಾಮ್ ಫರ್ಹಾ, ಮತ್ತು ಟೆನೆಸಿಯ ಲೆಕ್ಕಪತ್ರದ ನೌಕರ ಕ್ರಿಸ್ ಮನಿಮೇಕರ್. ಒಂದು ಕೈಯಲ್ಲಿ ಫರ್ಹಾನ ಬಳಿ ಒಂಬತ್ತರ ಜೋಡಿಯಿತ್ತು. ಮನಿಮೇಕರನಿಗೆ ಬಣ್ಣವೂ ಕೂಡಲಿಲ್ಲ, ಸಾಲೂ ಕೂಡಲಿಲ್ಲ. ಉಳಿದದ್ದು ಒಂಟಿ ರಾಜ. ಅವನು ತನ್ನದೆಲ್ಲವನ್ನೂ ಒಡ್ಡಿಬಿಟ್ಟ. ಫರ್ಹಾ ಬಹಳ ಹೊತ್ತು ಯೋಚಿಸಿದ. ನಿನಗೆ ಬಣ್ಣ ತಪ್ಪಿರಬೇಕು ಎಂಬರ್ಥದ ಮಾತನ್ನೂ ಆಡಿದ. ಊಹೆ ಸರಿಯಾಗಿತ್ತು. ಆದರೂ ಎಲೆ ಇಳಿಸಿದ. ಕೊನೆಗೆ 25 ಲಕ್ಷ ಡಾಲರುಗಳ ಬಹುಮಾನ ಮನಿಮೇಕರನ ಪಾಲಾಯಿತು. ಸತ್ಯವನ್ನು ಊಹಿಸುವುದು ಬೇರೆ, ಆ ಊಹೆಗೆ ಬೆಲೆ ತೆರುವ ಧೈರ್ಯ ಬೇರೆ.

ಆ ಕ್ಷಣದಲ್ಲಿ ಫರ್ಹಾನಿಗೆ ತಿಳಿಯದಿದ್ದುದು ಟೆಲಿವಿಷನ್ ನೋಡಿದ ಲಕ್ಷಾಂತರ ಜನಕ್ಕೆ ತಿಳಿದಿತ್ತು. ಆಟಗಾರನ ಮುಚ್ಚಿದ ಎಲೆಗಳನ್ನು ನೋಡುಗರಿಗೆ ಮಾತ್ರ ತೋರಿಸುವ ಕ್ಯಾಮರಾಗಳು ಆಗ ಬಳಕೆಗೆ ಬಂದಿದ್ದುವು. ಅಮೆರಿಕೆಯಲ್ಲಿ ಇದರ ಹಕ್ಕನ್ನು 1995ರಲ್ಲಿ ಪಡೆದವನು ಹೆನ್ರಿ ಓರೆನ್‌ಸ್ಟೈನ್. ಈತನ ಜೀವನ ಒಂದು ಮಹಾಕಥೆ. ಪೋಲೆಂಡಿನಲ್ಲಿ 1923ರಲ್ಲಿ ಹುಟ್ಟಿದ ಯಹೂದಿ. ತಂದೆತಾಯಿಗಳನ್ನು ನಾಜಿಗಳು ಕೊಂದರು. ಸೆರೆಶಿಬಿರದಲ್ಲಿದ್ದಾಗ ಒಂದು ದಿನ, ವಿಜ್ಞಾನಿಗಳೂ ಗಣಿತಜ್ಞರೂ ಇದ್ದರೆ ಹೆಸರು ಕೊಡಬೇಕೆಂದು ಕರೆ ಬಂತು. ಗಣಿತವನ್ನು ಹೆಚ್ಚು ಅರಿಯದ ಓರೆನ್‌ಸ್ಟೈನ್ ತನ್ನ ಹೆಸರನ್ನೂ ಒಡಹುಟ್ಟಿದವರ ಹೆಸರನ್ನೂ ಕೊಟ್ಟುಬಿಟ್ಟ. ಆ ಹುಸಿ ಅವನ ಪ್ರಾಣ ಉಳಿಸಲು ನೆರವಾಯಿತು. ಯುದ್ಧಾನಂತರ ಅಮೆರಿಕೆಗೆ ಹೋಗಿ ಆಟಿಕೆಗಳ ತಯಾರಕನಾದ, 2021ರಲ್ಲಿ ತೀರಿಕೊಂಡ. ಒಡ್ಡಬಾರದ ಪಣವನ್ನೊಡ್ಡಿ, ಇಲ್ಲದ ಎಲೆಯಿಂದ ಬದುಕಿದ ಮನುಷ್ಯನೇ ಮುಂದೆ ಎಲ್ಲರ ಮುಚ್ಚಿದ ಎಲೆಗಳಿಗೂ ಕಿಟಕಿ ಕೊರೆದ.

ಇನ್ನೊಬ್ಬನ ಕಥೆ ಇದಕ್ಕೆ ತಿರುವುಮುರುವು. ಹರ್ಬರ್ಟ್ ಯಾರ್ಡ್ಲಿ ಅಮೆರಿಕೆಯ ಗೂಢಲಿಪಿ ತಜ್ಞ. 1921ರ ನವೆಂಬರಿನಲ್ಲಿ ಪ್ರಾರಂಭವಾದ ವಾಷಿಂಗ್ಟನ್ನಿನ ನೌಕಾಸಮ್ಮೇಳನದಲ್ಲಿ, ಅಮೆರಿಕೆಯ ಯುದ್ಧನೌಕೆಗಳು ಹತ್ತಾದರೆ ತನ್ನವು ಏಳಿರಬೇಕೆಂದು ಜಪಾನ್ ಹಟ ಹಿಡಿದಿತ್ತು. ಅಮೆರಿಕೆ ಆರಕ್ಕಿಂತ ಹೆಚ್ಚು ಕೊಡಲು ಸಿದ್ಧವಿರಲಿಲ್ಲ. ಯಾರ್ಡ್ಲಿಯ ತಂಡ ಜಪಾನಿನ ರಹಸ್ಯ ತಂತಿಗಳನ್ನು ಬಿಡಿಸಿ ಓದುತ್ತಿತ್ತು. ಅನಿವಾರ್ಯವಾದರೆ ಆರಕ್ಕೂ ಒಪ್ಪಬಹುದೆಂಬ ಸೂಚನೆ ಟೋಕಿಯೋದಿಂದ ಬಂದದ್ದು ಅಮೆರಿಕನ್ನರಿಗೆ ಗೊತ್ತಾಯಿತು. ಎದುರಾಳಿಯ ಎಲೆ ಕಂಡವನು ಕಾಯುವುದಷ್ಟೇ ಉಳಿದಿತ್ತು. ಜಪಾನ್ ಆರಕ್ಕೆ ಒಪ್ಪಿತು. 1929ರಲ್ಲಿ ಸರ್ಕಾರ ಆ ಕಚೇರಿಯನ್ನು ಮುಚ್ಚಿತು. ಕೆಲಸವಿಲ್ಲದೆ ಕುಳಿತ ಯಾರ್ಡ್ಲಿ 1931ರಲ್ಲಿ ಪುಸ್ತಕವೊಂದನ್ನು ಬರೆದು ಎಲ್ಲ ಗುಟ್ಟನ್ನೂ ಹೊರಹಾಕಿದ. ದೊಡ್ಡ ಕೋಲಾಹಲವೇ ಆಯಿತು. ಇಂಥವನು 1957ರಲ್ಲಿ ಪೋಕರ್ ಕಲಿಸುವ ಗ್ರಂಥ ಬರೆದು ಪ್ರಸಿದ್ಧನಾದ! ತಾಳ್ಮೆಯಿಂದ ಎಲೆ ಬಚ್ಚಿಡುವುದನ್ನು ಜಗತ್ತಿಗೆ ಬೋಧಿಸಿದವನು, ತನ್ನ ಬಾಳಿನ ಅತಿ ದೊಡ್ಡ ಎಲೆಯನ್ನು ಬಚ್ಚಿಡಲಾರದೆ ಹೋದ.

ಬಚ್ಚಿಡಲಾರದೆ ಹೋಗುವುದು. ಈ ಮಾತನ್ನು ಬರೆದಾಗ ನನಗೆ ಕಾಣುವುದು ಯಾರ್ಡ್ಲಿಯಲ್ಲ, ನನ್ನ ತಂದೆ.

ಅಕ್ಕನ ಅನುಮತಿ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಚಿಕ್ಕಂದಿನಲ್ಲಿ ಕೀಲುವಾತದ ಜ್ವರ ಬಂದು ಹೃದಯದ ಕವಾಟವೊಂದು ಕೆಟ್ಟಿತ್ತು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿಮದ್ದು. ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. 1998ರಲ್ಲಿ ಅವಳಿಗೆ ಗಂಡು ನೋಡತೊಡಗಿದಾಗ ಬಂಧುಗಳೆಲ್ಲ ಒಂದೇ ಮಾತು ಹೇಳಿದರು: ಮದುವೆಯಾಗಲಿ, ಆಮೇಲೆ ತಾನೇ ತಿಳಿಯುತ್ತದೆ, ಸೂಜಿಮದ್ದನ್ನು ಕೇಳಿದರೆ ಶಕ್ತಿಗೆಂದು ಹೇಳಿದರಾಯಿತು. ಹತ್ತೊಂಬತ್ತು ವರ್ಷದ ನಾನೂ ಆ ಪಕ್ಷದವನೇ. ಅಪ್ಪ ಎಲ್ಲರ ಮಾತನ್ನೂ ಕೇಳಿ ಸುಮ್ಮನಿದ್ದರು. ಮೊದಲ ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದು, ಹುಡುಗಿ ಒಪ್ಪಿಗೆಯೆಂದು ಹೇಳುವಷ್ಟರಲ್ಲಿ, ಅಪ್ಪ ಎದ್ದುಹೋಗಿ ಆಸ್ಪತ್ರೆಯ ಕಾಗದಗಳನ್ನು ತಂದು ಅವರ ಮುಂದೆ ಹರಡಿದರು. ಹೆರಿಗೆಯ ಕಾಲದಲ್ಲಿ ಅಪಾಯವಿರಬಹುದೆಂದು ವೈದ್ಯರು ಹೇಳಿದ್ದನ್ನೂ ಬಿಡದೆ ಹೇಳಿದರು. ಅವರು ಮರ್ಯಾದೆಯಿಂದ ಎದ್ದುಹೋದರು. ಎರಡನೆಯವರೂ ಹಾಗೆಯೇ. ಊರಲ್ಲಿ ಸುದ್ದಿ ಹರಡಿತು. ಅಕ್ಕ ಕೋಣೆಯಿಂದ ಹೊರಗೆ ಬರುವುದನ್ನು ಕಡಮೆ ಮಾಡಿದಳು. “ನಿಮ್ಮ ಸತ್ಯಕ್ಕಾಗಿ ಅವಳನ್ನು ಬಲಿಕೊಡುತ್ತಿದ್ದೀರಿ” ಎಂದು ನಾನು ಅಪ್ಪನಿಗೆ ಮುಖಕ್ಕೆ ಹೊಡೆದಂತೆ ಹೇಳಿದೆ. ಅವರು ಉತ್ತರ ಕೊಡಲಿಲ್ಲ.

ಮೂರನೆಯವರು ಕಾಗದಗಳನ್ನು ತೆಗೆದುಕೊಂಡು ಹೋಗಿ ಬೇರೊಬ್ಬ ವೈದ್ಯರಿಗೆ ತೋರಿಸಿ, ಹದಿನೈದು ದಿನಗಳ ಮೇಲೆ ಬಂದು ಒಪ್ಪಿದರು. ಆ ಮನೆಯ ಹುಡುಗನೇ ನನ್ನ ಭಾವ. ಹುಣಿಸೆಬೀಜ ಬಾಚಿದ ಹುಡುಗ ಅವರ ಮಗ. ಹೆರಿಗೆ ಕಷ್ಟವಾಯಿತು, ಆದರೆ ಎಲ್ಲವನ್ನೂ ಮೊದಲೇ ತಿಳಿದಿದ್ದ ಮನೆಯವರು ದೊಡ್ಡ ಆಸ್ಪತ್ರೆಯಲ್ಲಿಯೇ ಏರ್ಪಾಡು ಮಾಡಿದ್ದರು. ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತೆಂದು ನಾನು ಊಹಿಸಲಾರೆ.

ಇದನ್ನು ಸತ್ಯದ ವಿಜಯವೆಂದು ಸಾರಿ ಮುಗಿಸಬಹುದಿತ್ತು. ಆದರೆ ಅಪ್ಪ ಅದಕ್ಕೆ ಅವಕಾಶ ಕೊಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ದಿನ ಅಮ್ಮ ಆ ಹಳೆಯ ಪ್ರಸಂಗವನ್ನೆತ್ತಿ ಅಪ್ಪನ ಸತ್ಯಸಂಧತೆಯನ್ನು ಹೊಗಳಿದಾಗ ಅವರು ನಕ್ಕು ಹೇಳಿದರು: “ಸತ್ಯವೂ ಅಲ್ಲ, ಎಂಥದೂ ಅಲ್ಲ. ಪ್ರತಿ ಸಲ ಅಂಚೆಯವನು ಬಂದಾಗ ಎದೆ ಧಸಕ್ಕೆನ್ನುತ್ತದಲ್ಲ, ಅದನ್ನು ಸಾಯುವವರೆಗೆ ಹೊತ್ತುಕೊಂಡಿರುವ ಶಕ್ತಿ ನನಗಿರಲಿಲ್ಲ.” ಸ್ಲೆಪಿಯನ್ನನೂ ಸಂಗಡಿಗರೂ 2017ರಲ್ಲಿ ಗುಟ್ಟುಗಳನ್ನು ಕುರಿತು ಪ್ರಕಟಿಸಿದ ಅಧ್ಯಯನವನ್ನು ಓದಿದಾಗ ನನಗೆ ಈ ಮಾತು ನೆನಪಾಯಿತು. ಗುಟ್ಟಿನ ಭಾರವಿರುವುದು ಅದನ್ನು ಇನ್ನೊಬ್ಬರೆದುರು ಮುಚ್ಚಿಡುವ ಕ್ಷಣದಲ್ಲಿ ಅಷ್ಟಾಗಿ ಅಲ್ಲ. ಯಾರೂ ಎದುರಿಗಿಲ್ಲದಾಗ ಮನಸ್ಸು ಮತ್ತೆ ಮತ್ತೆ ಅದರ ಬಳಿಗೆ ಹೋಗುವುದರಲ್ಲಿ ಎಂಬುದು ಅವರ ತೀರ್ಮಾನ. ಹಳ್ಳಿಯ ಶಾಲೆಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಅದು ಪ್ರಯೋಗವಿಲ್ಲದೆ ತಿಳಿದಿತ್ತು.

ಎಲೆ ತೆರೆಯುವುದೆಲ್ಲ ಒಂದೇ ಬಗೆಯದಲ್ಲ. ಪಂಪನಲ್ಲೂ ಕುಮಾರವ್ಯಾಸನಲ್ಲೂ ಕೃಷ್ಣ ಕರ್ಣನಿಗೆ ಅವನ ಜನ್ಮರಹಸ್ಯವನ್ನು ಹೇಳುತ್ತಾನೆ. ಹೇಳಿದ್ದು ಸತ್ಯವೇ, ಆದರೆ ಯಾವಾಗ ಹೇಳಿದ? ಯುದ್ಧ ನಿಶ್ಚಯವಾದ ಮೇಲೆ, ಕರ್ಣನ ಮನಸ್ಸು ಮುರಿಯಲು ತಕ್ಕ ಸಮಯ ನೋಡಿ. ಅಲ್ಲಿ ಸತ್ಯವೇ ಪಣ. ಅಪ್ಪ ಕಾಗದ ಹರಡಿದ್ದು ತನ್ನ ಕೈ ಸೋಲುವ ಸಮಯದಲ್ಲಿ. ಅದು ಪರಾಕ್ರಮವಾಗಿರಲಿ ದೌರ್ಬಲ್ಯವಾಗಿರಲಿ, ಎದುರು ಕುಳಿತವರು ತಿಳಿದು ನಿರ್ಧರಿಸುವ ಅಧಿಕಾರವನ್ನು ಅದು ಅವರಿಗೆ ಕೊಟ್ಟಿತು. ಆಟದಲ್ಲಿ ಎದುರಾಳಿಗೆ ಆ ಅಧಿಕಾರ ಕೊಡುವವನು ಮೂರ್ಖ. ಬಾಳಿನಲ್ಲಿ ಎದುರು ಕುಳಿತವರೆಲ್ಲ ಎದುರಾಳಿಗಳಲ್ಲ. ಇದನ್ನು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ತಿಳಿದದ್ದನ್ನು ಅಪ್ಪನಿಗೆ ಹೇಳಬೇಕೆಂದು ಎಷ್ಟೋ ಸಲ ಎಣಿಸಿದೆ. ಅಂದು ಆಡಿದ ಮಾತು ತಪ್ಪಾಯಿತೆಂದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಊರಿಗೆ ಹೋದಾಗಲೆಲ್ಲ ಜಗುಲಿಯ ಮೇಲೆ ಅವರೊಡನೆ ಇಪ್ಪತ್ತೆಂಟು ಆಡುತ್ತಿದ್ದೆ. ವಾಕ್ಯ ಬಾಯಿಯವರೆಗೆ ಬರುತ್ತಿತ್ತು. ನನ್ನ ಮುಖ ನೋಡಿದರೆ ಅವರಿಗೆ ಗೊತ್ತಾಗಿಯೇ ಆಗುತ್ತದೆ, ಬಾಯಿಬಿಟ್ಟು ಹೇಳುವುದೇಕೆ ಎಂದು ಸುಮ್ಮನಾಗುತ್ತಿದ್ದೆ. ಅವರು ತೀರಿಕೊಂಡದ್ದು 2011ರಲ್ಲಿ. ಪಾರದರ್ಶಕತೆಯ ಭ್ರಮೆಯೆಂಬ ಮಾತನ್ನು ನಾನು ಮೊದಲು ಓದಿದ್ದು ಈ ವರ್ಷ.

ಪೋಕರಿನಲ್ಲಿ ತೋರಿಸದೆ ಇಳಿಸಿದ ಎಲೆಗಳು ಕಟ್ಟಿನೊಳಗೆ ಬೆರೆತುಹೋಗುತ್ತವೆ. ಆಮೇಲೆ ಯಾರು ಎಷ್ಟು ಬೀಜ ಕೊಡುತ್ತೇನೆಂದರೂ ಅವುಗಳನ್ನು ಆರಿಸಿ ತೆಗೆಯಲು ಬರುವುದಿಲ್ಲ.